ತಾತನ ಊರು

ಸತ್ತ ತಮ್ಮನ ಹಣೆಗೆ ಇಡಲೆಂದು ಸಣ್ಣಯ್ಯ ಎತ್ತಿದ ಕಾಸನ್ನು ತೇಜಶ್ರೀ ಅವನ ಮಣಿಕಟ್ಟು ಹಿಡಿದು ತಡೆದಳು.

"ಬೇಡ ದೊಡ್ಡಪ್ಪ. ಅಪ್ಪ ಬೇಡ ಅಂದಿದ್ರು."

"ಏನ್ ಬ್ಯಾಡ ಅಂದಿದ್ದ? ಕಾಸು ಬ್ಯಾಡ ಅಂದಿದ್ನಾ, ಬಾಯಿಗೆ ಅಕ್ಕಿ ಬ್ಯಾಡ ಅಂದಿದ್ನಾ?"

"ಎಲ್ಲಾನೂ. ತಮಟೆನೂ ಬೇಡ. ಬುದ್ಧನ ತ್ರಿಸರಣ ಹೇಳ್ಸಿ ಮಣ್ಣು ಮಾಡಿ ಅಂದಿದ್ರು."

ಚಾಪೆಯ ಮೇಲೆ ಶಾಂತರಾಜು ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಹಿಂದಿನ ಸಂಜೆ ಹಾಸನದ ಬಾಡಿಗೆ ಮನೆಯಲ್ಲಿ ಕಾಫಿ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಐವತ್ತೇಳು ವರ್ಷ. ಹುಟ್ಟಿದ ಊರಿನಲ್ಲೇ ಮಣ್ಣಾಗಲಿ ಎಂದು ಹೆಂಡತಿ ಧನಲಕ್ಷ್ಮಿ, ಮಗಳು ತೇಜಶ್ರೀ ಕೊಣನೂರಿಗೆ, ಅವನ ಅಣ್ಣನ ಮನೆಗೆ ತಂದಿದ್ದರು.

ಹೆಸರು ಸಣ್ಣಯ್ಯನಾದರೂ ಮನೆಗೆ ಅವನೇ ದೊಡ್ಡವನು. ಎಪ್ಪತ್ತು ದಾಟಿದ ಮೇಲೂ ಕಾಲೋನಿಯಲ್ಲಿ ಅವನ ಮಾತಿಗೆ ಎದುರಾಡುವವರು ಕಡಿಮೆ. ಹಾಗೆಂದು ಕೆಟ್ಟವನಲ್ಲ. ತಮ್ಮನೆಂದರೆ ಪ್ರಾಣ. ಶಾಸ್ತ್ರವಿಲ್ಲದೆ ಮಣ್ಣು ಮಾಡಿದರೆ ತಮ್ಮ ಅಂತರಪಿಶಾಚಿಯಾಗಿ ಅಲೆಯುತ್ತಾನೆ ಎಂಬುದು ಅವನಿಗೆ ನಿಜವಾದ ಹೆದರಿಕೆ. ಬೆಳಿಗ್ಗೆಯಿಂದ ಎರಡು ಸಲ ಹಿತ್ತಿಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದಿದ್ದ.

"ಆಯ್ತು ಕಣವ್ವ. ಅದನ್ನ ಯೋಳೋರು ಎಲ್ಲವ್ರೆ? ಕರ್ಕಂಬಾ ಮತ್ತೆ."

ಕಷ್ಟವಿದ್ದದ್ದೇ ಅಲ್ಲಿ. ಅಪ್ಪನಿಗೆ ದೀಕ್ಷೆ ಕೊಟ್ಟ ಭಂತೇಜಿ ಕಲಬುರಗಿಯಲ್ಲಿದ್ದರು, ನಾಳೆ ಸಂಜೆಗೆ ಮೊದಲು ಬರಲಾರೆನೆಂದು ಫೋನಿನಲ್ಲೇ ನೊಂದುಕೊಂಡರು. ಬೈಲಕುಪ್ಪೆಯ ಮಠದಲ್ಲಿ ವಿಚಾರಿಸಿದರೆ ಅಲ್ಲಿ ಏನೋ ದೊಡ್ಡ ಪೂಜೆ, ಲಾಮಾಗಳು ಯಾರೂ ಇವತ್ತು ಹೊರಗೆ ಬರುವಂತಿರಲಿಲ್ಲ. ತೇಜಶ್ರೀಗೆ ಬರುತ್ತಿದ್ದದ್ದು ಮೊದಲಿನ ಮೂರು ಸಾಲು. ನಿಜ ಹೇಳಬೇಕೆಂದರೆ ಶಾಂತರಾಜುವಿಗೂ ಅಷ್ಟೇ ಬರುತ್ತಿತ್ತು. ಇನ್ನೂರು ಜನರ ಜೊತೆ ಸಾಲಾಗಿ ಕೂತು ದೀಕ್ಷೆ ತೆಗೆದುಕೊಂಡು ಬಂದವನು ಗೋಡೆಗೆ ಬುದ್ಧನ ಪಟ ಹಾಕಿದ್ದ, ಕುಡಿಯುವುದನ್ನು ಬಿಟ್ಟಿದ್ದ. ಅಣ್ಣ ಬೇಜಾರು ಮಾಡಿಕೊಳ್ಳುತ್ತಾನೆಂದು ಮಾರಮ್ಮನ ಹಬ್ಬಕ್ಕೂ ಬಂದು ಉಂಡು ಹೋಗುತ್ತಿದ್ದ. ಆದರೆ ಎರಡು ವರ್ಷದ ಹಿಂದೆ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದಾಗ ಮಗಳ ಕೈ ಹಿಡಿದು ಒಂದೇ ಒಂದು ಮಾತು ಕೇಳಿದ್ದ: "ಎಲ್ಲಿ ಹುಟ್ಟಬೇಕು ಅನ್ನೋದು ನನ್ನ ಕೈಲಿರಲಿಲ್ಲ. ಕಳಿಸೋದಾದ್ರೂ ನಾನು ಒಪ್ಕೊಂಡಂಗೆ ಕಳ್ಸವ್ವ." ಅವಳು ಹೂಂ ಅಂದಿದ್ದಳು.

"ಫೋನಲ್ಲಿ ಹಾಕ್ತೀನಿ ದೊಡ್ಡಪ್ಪ, ಪೂರ್ತಿ ಐತೆ."

"ಸೆಲ್ಲು ಮಂತ್ರ ಯೋಳ್ತದಾ? ಮಧ್ಯದಲ್ಲಿ ಯಾವನಾದ್ರೂ ಫೋನ್ ಮಾಡುದ್ರೆ ನನ್ ತಮ್ಮ ಅರ್ಧ ದಾರೀಲಿ ನಿಂತ್ಕಬೇಕಾ?"

ಕೂತಿದ್ದವರಲ್ಲಿ ಇಬ್ಬರು ನಗು ತಡೆಯಲಾರದೆ ಮುಖ ತಿರುಗಿಸಿದರು. ಸಣ್ಣಯ್ಯ ನಗಲಿಲ್ಲ. ಕಾಸನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಎಲ್ಡ್ ಗಂಟೆ ಗಂಟ ಕಾಯ್ತೀನಿ. ಗೊತ್ತಿರೋ ಮನ್ಸ ಬಂದ್ರೆ ನಿಮ್ಮಪ್ಪ ಯೋಳ್ದಂಗೆ. ಬರ್ನಿಲ್ಲ ಅಂದ್ರೆ ನಮ್ಮಪ್ಪಂಗೆ ಮಾಡ್ದಂಗೆ. ಅಷ್ಟೇಯ."

ಆಗ ಹತ್ತೂವರೆಯಾಗಿತ್ತು.

*

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೆ ಶಾಂತರಾಜು ಸೇರಿದಾಗ ಅಲ್ಲಿದ್ದವರೆಲ್ಲ ಸಾಲಗಾಮೆ, ದೊಡ್ಡಗದ್ದವಳ್ಳಿ ಕಡೆಯವರೇ. ಅವನು ಶಿಫ್ಟಿನ ಸೂಪರ್‌ವೈಸರ್ ಆಗುವ ಹೊತ್ತಿಗೆ ಅರ್ಧಕ್ಕರ್ಧ ಜನ ದೂರದವರಾಗಿದ್ದರು. ಒಡಿಶಾದವರು, ಜಾರ್ಖಂಡಿನವರು, ಅಸ್ಸಾಮಿನವರು, ಅರುಣಾಚಲದ ನಿರಾಶ್ರಿತರ ಊರುಗಳಿಂದ ಬಂದ ಚಕ್ಮಾ ಹುಡುಗರು. ಮೊದಲ ವರ್ಷವೆಲ್ಲ ಜಗಳವೇ ಜಗಳ. ಒಬ್ಬರ ಒಣಮೀನಿನ ವಾಸನೆ ಇನ್ನೊಬ್ಬರಿಗಾಗದು, ಒಬ್ಬರ ಹಾಡು ಇನ್ನೊಬ್ಬರ ನಿದ್ದೆಗಾಗದು. ಹಬ್ಬಕ್ಕೆಂದು ಹೇಳದೆ ಕೇಳದೆ ಹೋದವನು ಮೂರು ವಾರ ಪತ್ತೆಯಿರುತ್ತಿರಲಿಲ್ಲ. ಬಂದಾಗ ಕೆಲಸ ಇರುತ್ತಿರಲಿಲ್ಲ.

ಶಾಂತರಾಜು ಒಂದು ದಿನ ಒಬ್ಬೊಬ್ಬರನ್ನೇ ಕರೆದು ಅವರವರ ಹಬ್ಬ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದ. ಯುಗಾದಿ, ಗೌರಿ, ರಂಜಾನುಗಳ ಪಕ್ಕದಲ್ಲಿ ಬಿಜು, ಕರಮಾ, ಸೊಹರಾಯ್ ಎಂಬ ಹೆಸರುಗಳು ಅವನ ಗುಂಡುಗುಂಡು ಅಕ್ಷರದಲ್ಲಿ ಬಂದು ಕೂತವು. ಕಾನೂನು ಒಂದೇ. ನಿನ್ನ ಹಬ್ಬಕ್ಕೆ ನಾನು ನಿಲ್ಲುತ್ತೇನೆ, ನನ್ನ ಹಬ್ಬಕ್ಕೆ ನೀನು ನಿಲ್ಲಬೇಕು. ಗೌರಿಹಬ್ಬದ ದಿನ ಅಂಟು ಹಚ್ಚುವ ಮೇಜಿನಲ್ಲಿ ಬರೀ ಸಂತಾಲಿ ಹೆಂಗಸರು, ಸೊಹರಾಯ್ ಹಬ್ಬಕ್ಕೆ ಬರೀ ಸಾಲಗಾಮೆಯವರು. ಮ್ಯಾನೇಜರ್ ರಜನೀಶ್ ಮೊದಲು ತಲೆ ಚಚ್ಚಿಕೊಂಡ. "ಏನ್ರೀ ಶಾಂತರಾಜು, ಇದು ಫ್ಯಾಕ್ಟರಿನೋ ಛತ್ರಾನೋ?" ಎಂದ. ಆರು ತಿಂಗಳಲ್ಲಿ ಚಕ್ಕರ್ ಹೊಡೆಯುವವರೇ ಇಲ್ಲವಾದದ್ದನ್ನು ಕಂಡು ಸುಮ್ಮನಾದ. ಮುಂದಿನ ವರ್ಷ ದೊಡ್ಡ ಕ್ಯಾಲೆಂಡರನ್ನು ತಾನೇ ತರಿಸಿಕೊಟ್ಟ.

*

ಹನ್ನೊಂದು ಗಂಟೆಗೆ ಎರಡು ಟೆಂಪೋಗಳು ಬಂದು ನಿಂತವು. ಇಳಿದವರು ಇಳಿಯುತ್ತಲೇ ಇದ್ದರು. ಅವರ ಮುಖ, ಮಾತು ನೋಡಿ ಸಣ್ಣಯ್ಯ ಕಂಗಾಲಾದ.

"ಯಾರವ್ವ ಇವ್ರೆಲ್ಲ? ನೇಪಾಳ್ದೋರಾ?"

"ಅಪ್ಪನ ಜೊತೆ ಕೆಲಸ ಮಾಡೋರು ದೊಡ್ಡಪ್ಪ."

ರಜನೀಶ್ ಹಾರ ಹಾಕಿ, ಕೈ ಮುಗಿದು, ತೇಜಶ್ರೀಯ ಬಳಿ ಬಂದ. "ಹತ್ತು ಜನಾನ ಮಾತ್ರ ಬಿಡ್ತೀನಿ ಅಂದಿದ್ದೆ ಕಣಮ್ಮ. ಮೂವತ್ತು ಜನ ಬಂದಿದ್ದಾರೆ, ಆದ್ರೂ ಮಿಷನ್ ನಿಂತಿಲ್ಲ. ಹಾಸನದೋರೆಲ್ಲ ಅಲ್ಲೇ ಉಳ್ಕೊಂಡ್ರು. ನಾವು ಹಾಲು ತುಪ್ಪಕ್ಕೆ ಹೋಗ್ತೀವಿ, ನೀವು ಮಣ್ಣಿಗೆ ಹೋಗಿ ಅಂತ ಅವರವರೇ ಮಾತಾಡ್ಕೊಂಡ್ರು. ನನ್ನನ್ನ ಕೇಳಲೂ ಇಲ್ಲ." ಅವನು ಕನ್ನಡಕ ತೆಗೆದು ಒರೆಸಿಕೊಂಡ.

ಒಡಿಶಾದ ಬಸಂತಿ ಮುರ್ಮು ಹೆಣದ ಕಾಲ ಬಳಿ ಕೂತು ಸದ್ದಿಲ್ಲದೆ ಅಳುತ್ತಿದ್ದಳು. ಹನ್ನೆರಡು ವರ್ಷದಿಂದ ಅಂಟಿನ ಮೇಜಿನಲ್ಲಿ ಇದ್ದವಳು. ತೇಜಶ್ರೀ ಅವಳ ಪಕ್ಕ ಕೂತು, ನಿಮ್ಮಲ್ಲಿ ಯಾರಿಗಾದರೂ ಬುದ್ಧನ ಪ್ರಾರ್ಥನೆ ಪೂರ್ತಿ ಬರುತ್ತದೆಯೇ ಎಂದು ಕೇಳಿದಳು. ಹಿಂದೆ ನಿಂತಿದ್ದ ಇಬ್ಬರು ಚಕ್ಮಾ ಹುಡುಗರು ಇಲ್ಲವೆಂದು ತಲೆಯಾಡಿಸಿದರು. ಅವರಿಗೂ ಬರುತ್ತಿದ್ದದ್ದು ಅಷ್ಟಿಷ್ಟೇ.

"ನಿಹಾರ್‌ಗೆ ಬರ್ತದೆ," ಎಂದಳು ಬಸಂತಿ. "ಅವನು ಚಿಕ್ಕವನಿದ್ದಾಗ ಆರು ವರ್ಷ ಸ್ವಾಮಿ ಆಗಿದ್ದ. ತಲೆ ಬೋಳಿಸಿ, ಬಣ್ಣದ ಬಟ್ಟೆ ಹಾಕಿ. ಎಲ್ಲಾ ಬಾಯಲ್ಲೇ ಇದೆ."

"ಎಲ್ಲಿದ್ದಾರೆ ಅವರು?"

"ಚನ್ನರಾಯಪಟ್ಟಣ. ಮೋಮೋ ಗಾಡಿ ಇಟ್ಟಿದ್ದಾನೆ." ಬಸಂತಿ ನೆಲ ನೋಡಿದಳು. "ಆದ್ರೆ ಬರಲ್ಲ ಮೇಡಂ. ಸಾರ್ ಮೇಲೆ ಅವನಿಗೆ ಕೋಪ."

ಕೋಪವೇ? ಅಪ್ಪನ ಮೇಲೆ ಯಾರಿಗಾದರೂ ಕೋಪ ಇದ್ದೀತೆಂದು ತೇಜಶ್ರೀ ಕನಸಿನಲ್ಲೂ ಎಣಿಸಿರಲಿಲ್ಲ. ಅವಳು ಅಮ್ಮನ ಕಡೆ ತಿರುಗಿದಳು. ಧನಲಕ್ಷ್ಮಿ ಗಂಡನ ಮುಖದ ಮೇಲಿನ ನೊಣ ಓಡಿಸುತ್ತಲೇ ಹೇಳಿದಳು: "ನಿಜ ಕಣೆ. ನೀನಾಗ ಮೈಸೂರಲ್ಲಿ ಓದ್ತಿದ್ದೆ. ಮಗಳಿಗೆ ಹೇಳ್ಬೇಡ, ನನ್ನ ಮೇಲಿನ ಗೌರವ ಕಳ್ಕೊಂಡಾಳು ಅಂದಿದ್ರು."

*

ನಾಲ್ಕು ವರ್ಷದ ಹಿಂದೆ, ಹೊರಗಿನಿಂದ ಬಂದ ಕೆಲಸಗಾರರ ವಿವರ ಬೇಕೆಂದು ಠಾಣೆಯಿಂದ ಕಾರ್ಖಾನೆಗೆ ಒಂದು ಕಂತೆ ನಮೂನೆಗಳು ಬಂದವು. ಅವರಲ್ಲಿ ಯಾರಿಗೂ ಕನ್ನಡ ಬರೆಯಲು ಬಾರದು. ಶಾಂತರಾಜು ತನ್ನ ಅಕ್ಷರದ ಮೇಲಿನ ಹೆಮ್ಮೆಯಿಂದ ಅಷ್ಟನ್ನೂ ತಾನೇ ತುಂಬಲು ಕೂತ.

ಈ ಸೀಮೆಯವರಿಗೆ ಒಂದು ಚಾಳಿ ಇದೆ. ಹೊಸಬರನ್ನು ಕಂಡರೆ ಮೊದಲು ಊರು ಕೇಳಬೇಕು. ಹಾಸನ ಎಂದರೆ ಸಮಾಧಾನವಾಗುವುದಿಲ್ಲ. ಅದು ಇರುವ ಊರು, ನಿಮ್ಮ ತಾತನ ಊರು ಯಾವುದು ಎಂದು ಕೇಳಿಯೇ ತೀರಬೇಕು. ತಾತನನ್ನು ಹೂತ ಗುಡ್ಡೆ ಇರುವ ಊರೇ ಮನುಷ್ಯನ ಊರು, ಉಳಿದದ್ದೆಲ್ಲ ಬಾಡಿಗೆ ಮನೆ. ಹಾಗಾಗಿ ಶಾಶ್ವತ ವಿಳಾಸ ಎಂಬ ಕಡೆ ಬಂದಾಗ ಶಾಂತರಾಜು ಒಬ್ಬೊಬ್ಬರನ್ನೂ ಕರೆದು, ಪ್ರೀತಿಯಿಂದಲೇ, ತಾತನ ಊರು ಕೇಳಿದ.

"ನಮ್ಮ ತಾತನ ಊರು ಈಗ ಇಲ್ಲ ಸಾರ್," ಎಂದ ನಿಹಾರ್ ಚಕ್ಮಾ. "ರಂಗಾಮಾಟಿ ಹತ್ರ ಇತ್ತು. ಡ್ಯಾಮ್ ಕಟ್ಟಿದ್ರು, ಮುಳುಗೋಯ್ತು. ಆಮೇಲೆ ಗಲಾಟೆ. ತಾತ ನಡ್ಕೊಂಡು ಗಡಿ ದಾಟಿ ಈ ಕಡೆ ಬಂದ. ಅರವತ್ತು ವರ್ಷ ಆಯ್ತು. ನಮ್ಮಪ್ಪ, ನಾನು ಎಲ್ಲ ಹುಟ್ಟಿದ್ದು ಅರುಣಾಚಲದಲ್ಲೇ."

ಶಾಂತರಾಜು ಪೆನ್ನು ಕೆಳಗಿಟ್ಟ. "ನಮ್ಮವ್ವನ ಊರೂ ಅಂಗೇ ಕಣಪ್ಪ. ಗೊರೂರು ಡ್ಯಾಮಲ್ಲಿ ಹೋಯ್ತು. ಬ್ಯಾಸಿಗೆಲಿ ನೀರಿಳಿದಾಗ ದೇವಸ್ಥಾನದ ಕಲ್ಲು ಕಾಣ್ತಾವೆ ಅಂತ ಅವ್ವ ಓಗಿ ನಿಂತ್ಕಂಡು ಅಳೋಳು." ಬಹಳ ಹೊತ್ತು ಇಬ್ಬರೂ ಮಾತಾಡಿಕೊಂಡರು. ಆ ಮೇಲೆ ಅವನು, ಮುಳುಗಿದ ಊರು ಯಾವುದಾದರೂ ಒಂದು ಕಾಗದದ ಮೇಲಾದರೂ ಉಳಿಯಲಿ ಎಂದುಕೊಂಡು, ಎಂದಿಗಿಂತ ಚೆಂದವಾಗಿ ಬರೆದ: ರಂಗಾಮಾಟಿ, ಬಾಂಗ್ಲಾದೇಶ.

ಎಂಟನೇ ದಿನ ಜೀಪು ಬಂತು. ಬಾಂಗ್ಲಾದಿಂದ ನುಸುಳಿ ಬಂದವನೆಂಬ ಅನುಮಾನಕ್ಕೆ ನಿಹಾರ್ ಮೂರು ದಿನ ಠಾಣೆಯಲ್ಲಿದ್ದ. ಆ ಮೂರು ದಿನವೂ ಶಾಂತರಾಜು ಊಟದ ಕ್ಯಾರಿಯರ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಬಂದು ಹೋಗುವವರಿಗೆಲ್ಲ, "ತಪ್ಪು ಬರ್ದೋನು ನಾನು ಸಾ, ನನ್ನನ್ನ ಕೂರಿಸ್ಕಳಿ," ಎನ್ನುತ್ತಿದ್ದ. ನಿಹಾರನ ಜನನ ಪತ್ರ, ಶಾಲೆಯ ಕಾಗದಗಳು ಅರುಣಾಚಲದಿಂದ ಬಂದ ಮೇಲೆ ಬಿಟ್ಟರು. ಹೊರಗೆ ಬಂದವನು ಕ್ಯಾರಿಯರ್ ಮುಟ್ಟಲಿಲ್ಲ.

"ತಾತ ಒಂದು ಊರು ಕಳ್ಕೊಂಡ, ಸಾರ್. ನಾನು ಈ ಊರು ಕಳ್ಕೊಂಡೆ," ಎಂದ. "ನಿಮ್ಮ ಅಕ್ಷರ ಚೆನ್ನಾಗಿದೆ."

ಮಾರನೆಯ ದಿನವೇ ಕೆಲಸ ಬಿಟ್ಟು ಹೋದ. ಉಪ್ಪು ತಿಂದವನು ನೀರು ಕುಡಿಯಬೇಕು ಎಂದು ಶಾಂತರಾಜು ಹೆಂಡತಿಯ ಹತ್ತಿರ ಹೇಳಿಕೊಂಡು ಅತ್ತಿದ್ದ. ಆಮೇಲೆ ಅವನು ಮದುವೆ ಮನೆಯಲ್ಲೂ ಯಾರನ್ನೂ ಊರು ಕೇಳಲಿಲ್ಲ. ಈ ಜಿಲ್ಲೆಯಲ್ಲಿ ಅಂಥವನು ಅವನೊಬ್ಬನೇ ಇದ್ದನೇನೋ.

*

ಬಸಂತಿಯ ಫೋನಿನಿಂದಲೇ ತೇಜಶ್ರೀ ಕರೆ ಮಾಡಿದಳು. ಹಿತ್ತಿಲಿನ ಕಲ್ಲಿನ ಮೇಲೆ ಕೂತು, ಏನು ಹೇಳಬೇಕೆಂದು ಮೂರು ಸಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಆ ಕಡೆಯಿಂದ "ಹಲೋ" ಬಂದ ಕೂಡಲೇ ಜೋಡಿಸಿದ್ದೆಲ್ಲ ಮರೆತುಹೋಯಿತು.

"ನಾನು ಶಾಂತರಾಜು ಅವರ ಮಗಳು. ಅಪ್ಪ ತೀರ್ಕೊಂಡ್ರು."

ಆ ಕಡೆ ಹಿಂದೆ ಎಲ್ಲೋ ಬಸ್ಸಿನ ಹಾರನ್ ಕೇಳಿಸಿತು.

"ನಿಮಗೆ ಅವರು ಮಾಡಿದ್ದು ಇವತ್ತು ಗೊತ್ತಾಯ್ತು. ಅದು ತಪ್ಪೇ. ಅದನ್ನ ಸರಿ ಅಂತ ಹೇಳೋಕೆ ಫೋನ್ ಮಾಡಿಲ್ಲ. ಅಪ್ಪನ್ನ ಬೌದ್ಧರ ಥರಾನೇ ಕಳಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಹೇಳೋರು ಯಾರೂ ಸಿಗ್ತಾ ಇಲ್ಲ. ಎರಡು ಗಂಟೆವರೆಗೆ ಟೈಮಿದೆ."

"ನಾನು ಈಗ ಶ್ರಮಣ ಅಲ್ಲ," ಎಂದಿತು ದನಿ. "ಹೆಂಡತಿ ಮಕ್ಕಳು ಇದ್ದಾರೆ."

"ಪರವಾಗಿಲ್ಲ."

"ನನ್ನ ಮನಸ್ಸಲ್ಲಿ ಸಿಟ್ಟಿದೆ. ಸಿಟ್ಟು ಇಟ್ಕೊಂಡು ಹೇಳಬಾರದು."

ಅವಳಿಗೆ ಅಳು ಬಂತು. ಅಳು ಕೇಳಿಸಬಾರದೆಂದು ಸೆರಗು ಕಚ್ಚಿಕೊಂಡಳು. ಫೋನ್ ಕಟ್ಟಾಯಿತು.

ಹನ್ನೆರಡಾಯಿತು, ಒಂದಾಯಿತು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅರಕಲಗೂಡು ದಾಟಿ ಕೊಣನೂರಿಗೆ ಎರಡು ಗಂಟೆಯ ದಾರಿ. ತೇಜಶ್ರೀ ಬಾಗಿಲಿಗೂ ಅಪ್ಪನ ತಲೆದೆಸೆಗೂ ಓಡಾಡಿದಳು. ತಮಟೆಯವರು ಬೀದಿಯಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸತೊಡಗಿದರು. ಎರಡಾಯಿತು. ಎಲ್ಲರೂ ಸಣ್ಣಯ್ಯನ ಮುಖ ನೋಡಿದರು.

ಸಣ್ಣಯ್ಯ ತಮ್ಮನ ಮಗಳ ಮುಖ ನೋಡಿದ. ಆಮೇಲೆ ಗುಂಡಿ ತೋಡಿ ಬಂದವರ ಮೇಲೆ ಹಾರಿದ. "ಗುಂಡಿ ಎಷ್ಟ್ ಆಳ ಮಾಡಿದ್ದೀರಲಾ? ಎದೆಮಟ್ಟ? ಸಾಲ್ದು. ಓಗಿ ಇನ್ನೊಂದಡಿ ತೆಗೀರಿ."

"ಸಾಕಷ್ಟು ಆಗದೆ ಕಣಣ್ಣ."

"ನನ್ ತಮ್ಮಂಗೆ ಎಷ್ಟು ಸಾಕು ಅಂತ ನೀನ್ ಯೋಳ್ತೀಯಾ? ಓಗಲಾ."

ಅವರು ಗೊಣಗುತ್ತ ಹೋದರು. ಮುದುಕನ ಉಪಾಯ ಎಲ್ಲರಿಗೂ ಗೊತ್ತಾಯಿತು, ಯಾರೂ ಬಾಯಿ ಬಿಡಲಿಲ್ಲ. ತೇಜಶ್ರೀಗೆ ಮಾತ್ರ ದೊಡ್ಡಪ್ಪನ ಕಾಲು ಹಿಡಿಯಬೇಕೆನಿಸಿತು.

ಪಕ್ಕದ ಮನೆಯ ಕಾಮಾಕ್ಷಮ್ಮ ಕೊಡದಲ್ಲಿ ನೀರು ತಂದಿಳಿಸಿ, "ಅದ್ಯಾರೋ ಅಂಗಡಿ ತಾವ ಎಲ್ಮೆಟ್ ಆಕ್ಕಂಡು ಬಿಸ್ಲಲ್ಲಿ ಕೂತವ್ನೆ ಕಣವ್ವ. ಅರ್ಧ ಗಂಟೆ ಆಯ್ತು, ಏನೂ ಕೊಳ್ತಾ ಇಲ್ಲ," ಎಂದಳು.

ತೇಜಶ್ರೀ ಓಡಿದಳು. ಹಿಂದೆಯೇ ಸಣ್ಣಯ್ಯ. ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದವನು ಇವರನ್ನು ಕಂಡು ಎದ್ದು ಹೆಲ್ಮೆಟ್ ತೆಗೆದ. ಮೂವತ್ತೆರಡು ಮೂವತ್ಮೂರರ ವಯಸ್ಸು, ಬೆವರಿದ ಮುಖ. "ಬಂದೆ," ಎಂದ ಮೆತ್ತಗೆ. "ಇಲ್ಲಿ ತನಕ ಬಂದೆ. ಒಳಗೆ ಬರೋಕೆ ಕಾಲು ಬರ್ತಿಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಸಣ್ಣಯ್ಯ ತನ್ನ ಸೀಮೆಯ ಚಾಳಿಯಂತೆ ಕೇಳಿಯೇಬಿಟ್ಟ: "ಯಾವೂರಪ್ಪ ನಿಂದು?"

ತೇಜಶ್ರೀ ದೊಡ್ಡಪ್ಪನ ತೋಳು ಜಗ್ಗಿದಳು. ನಿಹಾರ್ ಮುದುಕನನ್ನೇ ನೋಡಿದ. ಶಾಂತರಾಜುವಿನದೇ ಮೂಗು, ಅದೇ ಅಗಲ ಹಣೆ.

"ಚನ್ನರಾಯಪಟ್ಟಣ," ಎಂದ.

"ಚನ್ರಾಯ್ಪಟ್ಣವಾ? ಮತ್ತೆ ನಮ್ಮ ಕಡೆಯೋನೇ ಆಗಿ ಬೀದೀಲಿ ಕೂತಿದ್ದೀಯಲ್ಲ! ಬಾ, ಬಾ. ಒತ್ತಾಯ್ತು." ಸಣ್ಣಯ್ಯ ಅವನ ತೋಳು ಹಿಡಿದುಕೊಂಡೇ ನಡೆದ.

*

ನಿಹಾರ್ ಕಾಲು ತೊಳೆದು ಬಂದು ಹೆಣದ ಮುಂದೆ ಮಂಡಿಯೂರಿದ. ಕಣ್ಣು ಮುಚ್ಚಿ ಎಷ್ಟೋ ಹೊತ್ತು ಕೂತ. ಆಮೇಲೆ ದನಿ ತೆಗೆದ. ತ್ರಿಸರಣ, ಪಂಚಶೀಲ, ಅದಾದ ಮೇಲೆ ಯಾರಿಗೂ ಅರ್ಥವಾಗದ ಉದ್ದನೆಯ ಸಾಲುಗಳು, ಎಲ್ಲೂ ತಡವರಿಸದೆ ಬಂದವು. ಬೀದಿಯಲ್ಲಿದ್ದ ತಮಟೆಯವರೂ ಬಾಗಿಲಿಗೆ ಬಂದು ನಿಂತರು.

ಗುಂಡಿಯ ಬಳಿ ಅವನು ಒಂದು ಚೊಂಬು ನೀರು, ಒಂದು ತಟ್ಟೆ ಕೇಳಿದ. ಮನೆಯವರೆಲ್ಲ ಸೇರಿ ಚೊಂಬು ಹಿಡಿದು, ಎಳೆಯಾಗಿ ನೀರು ಬಿಡಬೇಕು, ಮಾಡಿದ ಪುಣ್ಯ ಸತ್ತವರಿಗೆ ಮುಟ್ಟಬೇಕು ಎಂದ. ಧನಲಕ್ಷ್ಮಿ, ತೇಜಶ್ರೀ ಹಿಡಿದರು. ಸಣ್ಣಯ್ಯ ಸ್ವಲ್ಪ ಅನುಮಾನಿಸಿದ.

"ಇದಾದ ಮ್ಯಾಲೆ ಅವ್ನು ಎಲ್ಲೂ ಅಲೆಯಂಗಿಲ್ವಾ?"

"ಇಲ್ಲ ತಾತ. ಅಲೆಯಲ್ಲ."

ಮುದುಕ ಬಂದು ಚೊಂಬಿಗೆ ಕೈ ಕೊಟ್ಟ. ಆಮೇಲೆ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ನಿಹಾರ್ ಕೊನೆಯವನಾಗಿ ಹಾಕಿದ.

ಕಾವೇರಿಯ ಕಾಲುವೆಯಲ್ಲಿ ಕೈಕಾಲು ತೊಳೆಯುವಾಗ ತೇಜಶ್ರೀ ಅವನ ಪಕ್ಕದಲ್ಲೇ ಇದ್ದಳು. ಅವನು ನೀರು ನೋಡುತ್ತ ಮಾತಾಡಿದ.

"ಸಾರ್ ತಿಂಗಳಿಗೊಂದು ಭಾನುವಾರ ನನ್ನ ಗಾಡಿ ಹತ್ರ ಬರ್ತಾ ಇದ್ರು. ಮೊದಲ್ನೇ ಸಲ ತಪ್ಪಾಯ್ತು ಅಂದ್ರು. ಬರಬೇಡಿ ಅಂದೆ. ಆದ್ರೂ ಬಂದ್ರು. ಒಂದು ಪ್ಲೇಟ್ ಮೋಮೋ ತಗೊಳ್ಳೋರು, ಊದಿ ಊದಿ ತಿನ್ನೋರು. ಮಾತಿಲ್ಲ. ಹೊರಡುವಾಗ 'ಬರ್ತೀನಿ ನಿಹಾರ್' ಅನ್ನೋರು. ನಾಲ್ಕು ವರ್ಷ." ಅವನು ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡ. "ನಾನು ಒಂದು ಸಲಾನೂ 'ಬನ್ನಿ' ಅನ್ನಲಿಲ್ಲ."

ಗಂಡ ಭಾನುವಾರಗಳಲ್ಲಿ ಎಲ್ಲಿಗೆ ಹೋಗುತ್ತಿದ್ದನೆಂಬುದು ಧನಲಕ್ಷ್ಮಿಗೂ ಗೊತ್ತಿರಲಿಲ್ಲ. ಹಿಂದೆ ನಿಂತು ಕೇಳಿಸಿಕೊಂಡಳು.

ಮನೆಗೆ ಬಂದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪವನ್ನು ಒಬ್ಬೊಬ್ಬರೇ ನೋಡಿ ಹೊರಟರು. ಸಾವಿನ ಮನೆಯಿಂದ ಹೊರಡುವಾಗ ಈ ಕಡೆ ಯಾರೂ 'ಬರ್ತೀನಿ' ಎನ್ನುವುದಿಲ್ಲ. ಹಾಗೆಂದರೆ ಸಾವೇ ಇನ್ನೊಮ್ಮೆ ಬಂದೀತೆಂಬ ಭಯ. ಮಾತಾಡದೆ, ತಿರುಗಿ ನೋಡದೆ ಹೋಗಿಬಿಡಬೇಕು. ರಜನೀಶ್ ಟೆಂಪೋದಲ್ಲೇ ಎಲ್ಲರಿಗೂ ಹೇಳಿಕೊಟ್ಟಿದ್ದ. ಬಸಂತಿಯೂ ಉಳಿದವರೂ ತಲೆ ತಗ್ಗಿಸಿಕೊಂಡು ಹೋಗಿ ಹತ್ತಿಕೊಂಡರು.

ನಿಹಾರ್ ದೀಪ ನೋಡಿ ಬಂದು, ಜಗಲಿಯ ಮೇಲೆ ಕೂತಿದ್ದ ಧನಲಕ್ಷ್ಮಿಯ ಮುಂದೆ ಕೈ ಮುಗಿದು ನಿಂತ.

"ಅಮ್ಮಾ, ಬರ್ತೀನಿ."

"ಅಯ್ಯಯ್ಯೋ! ಸಾವಿನ ಮನೇಲಿ ಅಂಗನ್ಬಾರ್ದು ಕಣಪ್ಪ!" ಕಾಮಾಕ್ಷಮ್ಮ ಬಾಯಿ ಬಡಿದುಕೊಂಡಳು. ಸಣ್ಣಯ್ಯನೂ ಹೌಹಾರಿದ. ನಿಹಾರನ ಮುಖ ಬಾಡಿತು. ಅವನು ತೇಜಶ್ರೀಯ ಕಡೆ ನೋಡಿದ. "ಸಾರ್ ಕಲಿಸಿದ್ದು ಹೀಗೇ. ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಅಂತ."

ಧನಲಕ್ಷ್ಮಿ ಕಂಬ ಹಿಡಿದು ಎದ್ದಳು. "ಬಾಪ್ಪ," ಎಂದಳು, ಬೀದಿಗೆಲ್ಲ ಕೇಳಿಸುವಂತೆ. "ಹಾಸನದ ಮನೆಗೆ ಬಾ. ಹೆಂಡ್ತಿ ಮಕ್ಕಳನ್ನೂ ಕರ್ಕೊಂಡು ಬಾ."

ಬೈಕು ಹೊರಟಿತು. ಮಣ್ಣು ಮುಗಿಸಿ ಬಂದ ಮೇಲೆ ಇವತ್ತು ಜಗಲಿ ಇಳಿಯಬಾರದಾಗಿದ್ದ ಧನಲಕ್ಷ್ಮಿ ಬರಿಗಾಲಲ್ಲಿ ಇಳಿದು ಬೀದಿಯ ನಡುವೆ ಬಂದು ನಿಂತಿದ್ದಳು. ಒಳಗೆ ಬಾ ಎಂದು ಕಾಮಾಕ್ಷಮ್ಮ ಎರಡು ಸಲ ಕರೆದಳು. ಅವಳು ಹುಬ್ಬಿಗೆ ಕೈ ಅಡ್ಡ ಹಿಡಿದು, ಅರಕಲಗೂಡಿನ ರಸ್ತೆಯನ್ನೇ ನೋಡುತ್ತಿದ್ದಳು.